ಊರಿನ ಕಲ್ಲು, ನಗರದ ಗ್ರಂಥ: ದೂರದ ವಿದ್ಯಾರ್ಥಿ ಮತ್ತು ಮೈಸೂರಿನ ಗ್ರಂಥಭಂಡಾರ

ಮೈಸೂರಿನ ವಿದ್ಯಾಚರಿತ್ರೆಯಲ್ಲಿ 1891 ಗಮನಾರ್ಹವಾದ ವರ್ಷ. ನಾಡಿನ ಓಲೆಗರಿಗಳನ್ನು ಸಂಗ್ರಹಿಸಿ ರಕ್ಷಿಸಲು ಓರಿಯೆಂಟಲ್ ಲೈಬ್ರರಿ ಸ್ಥಾಪನೆಯಾದದ್ದು ಆ ವರ್ಷ; ಮೈಸೂರಿನಿಂದ ನಂಜನಗೂಡಿಗೆ ರೈಲು ಓಡಲಾರಂಭಿಸಿದ್ದೂ ಆ ವರ್ಷವೇ. ಒಂದು, ಹಳ್ಳಿ ಮತ್ತು ಅಗ್ರಹಾರಗಳಲ್ಲಿ ಚದುರಿದ್ದ ಗ್ರಂಥಗಳನ್ನು ನಗರಕ್ಕೆ ತಂದಿತು. ಇನ್ನೊಂದು, ಹಳ್ಳಿಯವರು ನಗರಕ್ಕೆ ಹೋಗುವ ದಾರಿಯನ್ನು ಸುಗಮಗೊಳಿಸಿತು. ಗ್ರಂಥ ನಗರದಲ್ಲಿ ನೆಲೆಗೊಂಡ ಮೇಲೆ ಅದನ್ನು ಓದಬಯಸುವ ಹಳ್ಳಿಯವನು ಏನು ಮಾಡಬೇಕು ಎಂಬ ಪ್ರಶ್ನೆ ಮಾತ್ರ ಅಂದಿನಿಂದ ಇಂದಿನವರೆಗೂ ಉಳಿದುಬಂದಿದೆ. ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರದಂತಹ ಹೋಬಳಿಯಲ್ಲಿ ಕುಳಿತು ಸ್ನಾತಕೋತ್ತರ ಪದವಿಗೆ ಓದುವ ದೂರಶಿಕ್ಷಣದ ವಿದ್ಯಾರ್ಥಿಗೆ ಇದು ಪ್ರತಿದಿನದ ಪ್ರಶ್ನೆ.

ಅಚ್ಚಿನ ಯಂತ್ರ ಬರುವ ಮೊದಲು ಈ ಪ್ರಶ್ನೆಗಿದ್ದ ಉತ್ತರ ಪ್ರತಿಲೇಖನ. ಜೈನ ಪರಂಪರೆಯು ಶಾಸ್ತ್ರದಾನವನ್ನು ಅನ್ನದಾನ, ಔಷಧದಾನ, ಅಭಯದಾನಗಳ ಸಾಲಿನಲ್ಲಿಟ್ಟು ಗೌರವಿಸಿತು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಸಂಗತಿಯನ್ನು ಸಾಹಿತ್ಯಚರಿತ್ರೆಯಲ್ಲಿ ಸಾಮಾನ್ಯವಾಗಿ ಔದಾರ್ಯದ ನಿದರ್ಶನವಾಗಿ ಹೇಳಲಾಗುತ್ತದೆ. ಓದುಗನಿದ್ದಲ್ಲಿಗೆ ಗ್ರಂಥವನ್ನು ತಲುಪಿಸಬೇಕೆಂಬ ವಿವೇಕವೂ ಅದರಲ್ಲಿದೆ. ಒಂದೇ ಪ್ರತಿಯಾಗಿ ಒಂದೇ ಕಡೆ ಉಳಿದ ಗ್ರಂಥ ಅಲ್ಲಿಗೆ ಹೋಗಬಲ್ಲವರ ಸೊತ್ತಾಗಿಬಿಡುತ್ತದೆ. ಓರಿಯೆಂಟಲ್ ಲೈಬ್ರರಿಗೆ ಬಂದ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಓಲೆಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು 1905ರಲ್ಲಿ. ಆದರೆ ಅದು ಲೋಕದ ವಿದ್ವಾಂಸರ ಚರ್ಚೆಗೆ ಒದಗಿದ್ದು 1909ರಲ್ಲಿ ಮುದ್ರಣಗೊಂಡ ಬಳಿಕ.

ಚಿಕ್ಕಯ್ಯನಛತ್ರದ ವಿದ್ಯಾರ್ಥಿಗೆ ಇನ್ನೂ ಹತ್ತಿರವಾದ ನಿದರ್ಶನ ಶಾಸನಗಳದು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟ ಪ್ರಕಟವಾದದ್ದು 1894ರಲ್ಲಿ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಆ ಒಂದೇ ಸಂಪುಟದಲ್ಲಿದ್ದವು. ಗಂಗರ ರಾಜಧಾನಿಯಾಗಿದ್ದ ತಲಕಾಡು ಎರಡನೆಯ ತಾಲ್ಲೂಕಿಗೆ ಸೇರಿದ್ದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಈ ಮಾಲೆಯನ್ನು ಪರಿಷ್ಕರಿಸಿದಾಗ ಸಂಪುಟಗಳ ವಿಭಜನೆ ಬದಲಾಯಿತು. ನಂಜನಗೂಡು 1974ರ ಮೂರನೆಯ ಸಂಪುಟಕ್ಕೆ ಸೇರಿದರೆ, ತಿ. ನರಸೀಪುರ 1976ರ ಐದನೆಯ ಸಂಪುಟಕ್ಕೆ ಸೇರಿತು. ಹಳೆಯ ಪಾಠಗಳು ಪರಿಶೀಲನೆಗೊಂಡವು, ಹೊಸದಾಗಿ ದೊರೆತ ಶಾಸನಗಳು ಸೇರಿದವು, ಕ್ರಮಸಂಖ್ಯೆಗಳೂ ಬದಲಾದವು. ಹೀಗೆ ಕಲ್ಲು ಊರಿನ ಹೊಲದಲ್ಲೋ ಗುಡಿಯ ಅಂಗಳದಲ್ಲೋ ನಿಂತಿದೆ. ಅದರ ಪರಿಷ್ಕೃತ ಪಾಠ ನಗರದ ಗ್ರಂಥಾಲಯದ ಕಪಾಟಿನಲ್ಲಿದೆ. ಶಾಸನದ ಪಕ್ಕದಲ್ಲೇ ಬೆಳೆದವನು ಅದನ್ನು ಓದಲು ಊರು ಬಿಟ್ಟು ಹೋಗಬೇಕು.

ವಿಶ್ವವಿದ್ಯಾನಿಲಯ ಹಳ್ಳಿಯನ್ನು ಮರೆತಿತ್ತೆಂದು ಹೇಳುವಂತಿಲ್ಲ. 1933ರಷ್ಟು ಹಿಂದೆಯೇ ಅದು ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅವುಗಳನ್ನು ಅಲ್ಪ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚು ಹಾಕಿಸಿತು. 1969ರಲ್ಲಿ ಅಂಚೆಯ ಮೂಲಕ ಶಿಕ್ಷಣ ನೀಡುವ ಸಂಸ್ಥೆಯನ್ನು ಆರಂಭಿಸಿತು. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪುಗೊಂಡಿತು. ಉದ್ಯೋಗಸ್ಥರು, ಗೃಹಿಣಿಯರು, ರೈತಾಪಿ ಮನೆಯ ಮಕ್ಕಳು ಈ ಮಾರ್ಗದಿಂದ ಪದವಿ ಪಡೆದರು. ಆದರೆ ಅಂಚೆಯಲ್ಲಿ ಬಂದದ್ದು ಪಾಠ. ಗ್ರಂಥಾಲಯ ಅಂಚೆಯಲ್ಲಿ ಬರುವಂಥದ್ದಲ್ಲ. ಸಿದ್ಧಪಾಠ ಪರೀಕ್ಷೆಗೆ ಸಾಲುತ್ತದೆ. ಸಂಶೋಧನೆಗೆ ಆಕರ ಬೇಕು. ಒಂದು ಅಭಿಪ್ರಾಯವನ್ನು ಒಪ್ಪುವುದಕ್ಕೂ ಅದರ ಆಧಾರವನ್ನು ಪರೀಕ್ಷಿಸುವುದಕ್ಕೂ ಇರುವ ಅಂತರವೇ ವಿದ್ಯಾರ್ಥಿಗೂ ಸಂಶೋಧಕನಿಗೂ ಇರುವ ಅಂತರ.

ಈಚಿನ ದಶಕಗಳಲ್ಲಿ ಗಣಕೀಕೃತ ಗ್ರಂಥಭಂಡಾರಗಳು ಈ ಅಂತರವನ್ನು ಬಹುಮಟ್ಟಿಗೆ ತಗ್ಗಿಸಿವೆ. ಇನ್‌ಫ್ಲಿಬ್‌ನೆಟ್‌ನ ‘ಶೋಧಗಂಗಾ’ದಲ್ಲಿ ಪಿಎಚ್.ಡಿ. ಪ್ರಬಂಧಗಳೂ, ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಲ್ಲಿ ನಾನಾ ಸಂಸ್ಥೆಗಳ ಸಂಗ್ರಹಗಳೂ ಮೊಬೈಲಿನಲ್ಲೇ ತೆರೆದುಕೊಳ್ಳುತ್ತವೆ. ಆದರೆ ಇಲ್ಲಿಯೂ ಎಚ್ಚರ ಅಗತ್ಯ. ಹಕ್ಕುಸ್ವಾಮ್ಯದ ಅವಧಿ ಮುಗಿದ ಗ್ರಂಥಕ್ಕೆ ಅಂತರ್ಜಾಲದ ಬಾಗಿಲು ಬೇಗ ತೆರೆಯುತ್ತದೆ. ಆದ್ದರಿಂದ ಮೊದಲು ಕೈಗೆಟುಕುವುದು ಹಲವೊಮ್ಮೆ ಹಳೆಯ ಆವೃತ್ತಿ. ಸುಲಭವಾಗಿ ಸಿಕ್ಕದ್ದನ್ನೇ ಸಮಗ್ರವೆಂದು ನಂಬಿದರೆ ತೀರ್ಮಾನವೇ ತಪ್ಪಾಗುತ್ತದೆ.

ಇದಕ್ಕೆ ಶ್ರವಣಬೆಳಗೊಳದ ಸಂಪುಟ ಸಾಕ್ಷಿ. 1889ರಲ್ಲಿ ರೈಸ್ ಪ್ರಕಟಿಸಿದ ಶಾಸನಗಳು 144. ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಅವು 500 ಆದವು. 1973ರ ಪರಿಷ್ಕರಣದಲ್ಲಿ ಆ ಸಂಖ್ಯೆ 573ಕ್ಕೆ ಏರಿತು. ಮೊದಲ ಆವೃತ್ತಿಯೊಂದನ್ನೇ ಕಂಡವನು ‘ಇಂಥ ವಿಷಯಕ್ಕೆ ಬೆಳಗೊಳದಲ್ಲಿ ಶಾಸನಾಧಾರವಿಲ್ಲ’ ಎಂದು ಬರೆದರೆ, ಆ ‘ಇಲ್ಲ’ ಎಂಬ ಮಾತು ಅವನ ಓದಿನ ಮಿತಿಯನ್ನು ಹೇಳೀತೇ ಹೊರತು ಬೆಳಗೊಳದ ಚರಿತ್ರೆಯನ್ನಲ್ಲ. ನಂಜನಗೂಡು ಸೀಮೆಯ ಬಗೆಗೂ ಈ ಮಾತು ಸಲ್ಲುತ್ತದೆ. ಇಂತಹ ತಪ್ಪು ಒಂದು ಪ್ರಬಂಧದಿಂದ ಮತ್ತೊಂದಕ್ಕೆ, ಅಲ್ಲಿಂದ ಊರಿನ ಸ್ಮರಣ ಸಂಚಿಕೆಗೆ ಹರಿದು, ಕೊನೆಗೆ ಊರಿನವರೇ ನಂಬುವ ಇತಿಹಾಸವಾಗಿಬಿಡುತ್ತದೆ.

ಆದುದರಿಂದ ದೂರದ ವಿದ್ಯಾರ್ಥಿಗೆ ಒಂದು ಕ್ರಮ ಬೇಕಾಗುತ್ತದೆ. ಮನೆಯಲ್ಲಿ ಕುಳಿತು ಓದಬಹುದಾದುದನ್ನೆಲ್ಲ ಮೊದಲು ಓದಿ ಮುಗಿಸುವುದು. ಉಲ್ಲೇಖಿಸುವ ಪ್ರತಿಯೊಂದು ಶಾಸನಕ್ಕೂ ಊರು, ಸಂಪುಟ, ಕ್ರಮಸಂಖ್ಯೆ ಹಾಗೂ ಆವೃತ್ತಿಯ ವರ್ಷವನ್ನು ಗುರುತಿಸಿಕೊಳ್ಳುವುದು. ಸಂಶಯವಿರುವ ಪಾಠಗಳನ್ನಷ್ಟೇ ಪಟ್ಟಿಮಾಡಿ, ಆ ಪಟ್ಟಿಯೊಡನೆ ಗ್ರಂಥಾಲಯಕ್ಕೆ ಹೋಗುವುದು. ಪಟ್ಟಿಯಿಲ್ಲದೆ ಹೋದವನ ದಿನ ಕಪಾಟುಗಳ ನಡುವೆಯೇ ಕಳೆದುಹೋಗುತ್ತದೆ. ಹುಡುಕುವಾಗ ಊರಿನ ಹೆಸರಿನ ಎಲ್ಲ ರೂಪಗಳನ್ನೂ ಪ್ರಯತ್ನಿಸಬೇಕು. ಕನ್ನಡದ ಹೆಸರುಗಳು ರೋಮನ್ ಲಿಪಿಗೆ ಇಳಿದಾಗ ಒಂದೊಂದು ಸೂಚಿಯಲ್ಲಿ ಒಂದೊಂದು ಬಗೆಯಾಗಿರುತ್ತವೆ.

ಗ್ರಂಥಾಲಯಕ್ಕೆ ದೂರವಿರುವ ವಿದ್ಯಾರ್ಥಿಗೆ ನಗರದವನಿಗಿಲ್ಲದ ಅನುಕೂಲವೂ ಒಂದಿದೆ: ಅವನು ಕಲ್ಲಿಗೆ ಹತ್ತಿರವಿದ್ದಾನೆ. ಮುದ್ರಿತ ಪಾಠವನ್ನು ಬರೆದುಕೊಂಡು ಸಂಜೆಯೊಳಗೆ ಮೂಲದ ಮುಂದೆ ನಿಲ್ಲಬಲ್ಲ. ಸಾಲು ಸವೆದಿದೆಯೇ, ಕಲ್ಲು ಸ್ಥಳಾಂತರಗೊಂಡಿದೆಯೇ ಎಂಬುದನ್ನು ಕಣ್ಣಾರೆ ಕಂಡು ದಾಖಲಿಸಬಲ್ಲ. ಶಾಸನದಲ್ಲಿ ಬರುವ ಕೆರೆ, ಗದ್ದೆ, ಎಲ್ಲೆಗಳ ಹೆಸರುಗಳು ಇಂದಿಗೂ ಊರಿನವರ ಬಾಯಲ್ಲಿ ಉಳಿದಿವೆಯೇ ಎಂದು ಕೇಳಿ ತಿಳಿಯಬಲ್ಲ. 1894ರಲ್ಲಿ ಊರಿನಿಂದ ನಗರಕ್ಕೆ ಹೋದ ಪಾಠ ಹೀಗೆ ಮತ್ತೆ ಊರಿಗೆ ಬಂದು ಕಲ್ಲಿನೊಡನೆ ಹೋಲಿಕೆಗೆ ನಿಂತಾಗ, ವಿಶ್ವವಿದ್ಯಾನಿಲಯದ ಗ್ರಂಥಾಲಯವೂ ಆ ವಿದ್ಯಾರ್ಥಿಯಿಂದ ಏನನ್ನಾದರೂ ಪಡೆಯುತ್ತದೆ.