ಬೂಸಾ, ಬಹಿಷ್ಕಾರ ಮತ್ತು ಹಾಸ್ಟೆಲಿನ ಬಾಗಿಲು

ಈಗ ವಿಶ್ವವಿದ್ಯಾಲಯಗಳಲ್ಲಿ 'ಕ್ಯಾನ್ಸಲ್ ಕಲ್ಚರ್' ಎಂಬ ಮಾತು ಓಡಾಡುತ್ತಿದೆ. ಯಾರೋ ಏನೋ ಅಂದರು, ವಿದ್ಯಾರ್ಥಿಗಳು ಕೂಗಿದರು, ಭಾಷಣ ರದ್ದಾಯಿತು, ವಾಕ್ ಸ್ವಾತಂತ್ರ್ಯ ಹೋಯಿತು ಅಂತ ಗೋಳು. ಮೇಷ್ಟ್ರುಗಳೂ ಇದು ಅಮೆರಿಕದಿಂದ ನಿನ್ನೆ ಮೊನ್ನೆ ಇಳಿದು ಬಂದ ಕಾಯಿಲೆ ಎಂಬಂತೆ ಮಾತಾಡುತ್ತಾರೆ. ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ ಕೂತು ಇದನ್ನು ಕೇಳುವ ನನಗೆ ನಗು ಬರುತ್ತದೆ. ಕನ್ನಡದಲ್ಲಿ ಇದಕ್ಕೆ ಬಹಿಷ್ಕಾರ ಎಂಬ ಹಳೆಯ ಮಾತೇ ಇದೆ. ಅದರ ಅರ್ಥ ನಮ್ಮ ಕೇರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1927ರಲ್ಲಿ ಬಾಬಾಸಾಹೇಬರು ತಮ್ಮ ಪತ್ರಿಕೆಗೆ ಇಟ್ಟ ಹೆಸರೇ 'ಬಹಿಷ್ಕೃತ ಭಾರತ'. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಬರೆದದ್ದನ್ನು ಓದಿ ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿತು. ಅವರು ಒಂದು ಅಲ್ಪವಿರಾಮವನ್ನೂ ಬಿಡಲು ಒಪ್ಪದೆ ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಜಾತಿ ವಿನಾಶದ ಪುಸ್ತಕ ನಮ್ಮ ಕೈಗೆ ಬಂದದ್ದು ಹಾಗೆ.

ಕರ್ನಾಟಕದ ಕ್ಯಾಂಪಸ್ಸಿನ ಕಥೆ ಹೇಳಬೇಕಾದರೆ 1973ಕ್ಕೇ ಹೋಗಬೇಕು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಮೂರು ವಾರ ಆಗಿರಲಿಲ್ಲ. ನವೆಂಬರ್ 19ರಂದು ಮೈಸೂರಿನ ಸಭೆಯೊಂದರಲ್ಲಿ, ದೇವರಾಜ ಅರಸರ ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ, ನೀವು ಇಂಗ್ಲಿಷ್ ಕಲಿಯಿರಿ ಎಂಬರ್ಥದ ಮಾತಾಡಿದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ಮನುಷ್ಯ ಅವರು. ಆ ಹೊಟ್ಟೆಯುರಿ ಮೊದಲೇ ಇತ್ತು. 'ಬೂಸಾ' ಅದಕ್ಕೆ ನೆಪವಾಯಿತು ಎಂದೇ ನನ್ನ ತಿಳುವಳಿಕೆ. ಮೈಸೂರು, ಬೆಂಗಳೂರುಗಳ ಕಾಲೇಜು ಹುಡುಗರು ಬೀದಿಗಿಳಿದರು. ಕನ್ನಡಕ್ಕೆ ಅವಮಾನ, ರಾಜೀನಾಮೆ ಕೊಡಲಿ ಅಂದರು.

ನಮ್ಮ ಕಡೆ ಬೂಸಾ ಅಂದರೆ ಅಂಗಡಿಯಿಂದ ದುಡ್ಡು ಕೊಟ್ಟು ತರುವ ವಸ್ತು. ಅಕ್ಕಚ್ಚಿಗೆ ಕಲಸಿ ದನಕ್ಕೆ ಇಡುತ್ತಾರೆ, ದನ ಹಾಲು ಕೊಡುತ್ತದೆ. ನನ್ನ ಅಮ್ಮ ಧಣಿಗಳ ಹಟ್ಟಿಯ ಗೊಬ್ಬರ ಹೊತ್ತವಳು. ದನಕ್ಕೆ ಬೂಸಾ ಸಿಕ್ಕಷ್ಟು ಸಲೀಸಾಗಿ ಅವಳಿಗೆ ಗಂಜಿ ಸಿಗುತ್ತಿರಲಿಲ್ಲ. ಹಾಗಾಗಿ ಆ ಮಾತು ಮೊದಲ ಸಲ ಕೇಳಿದಾಗ ಅದು ಬೈಗುಳ ಅಂತ ನನಗೆ ಹೊಳೆಯಲೇ ಇಲ್ಲ. ಮೇಲಾಗಿ ತುಳುನಾಡಿನ ನಮಗೆ ಕನ್ನಡ ಮನೆಯ ಮಾತಲ್ಲ, ಶಾಲೆಯಲ್ಲಿ ಸಿಕ್ಕಿದ್ದು. ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿ, ನಮ್ಮ ಮಕ್ಕಳಿಗೆ ಭಾಷಾಭಿಮಾನ ಬೋಧಿಸುವ ದೊಡ್ಡ ಮನೆಗಳನ್ನು ಇಲ್ಲೂ ಕಂಡಿದ್ದೇನೆ.

ಬಸವಲಿಂಗಪ್ಪನವರ ಮಾತು ಪೂರ್ತಿ ಸರಿ ಅಂತ ನಾನು ವಾದಿಸುವುದಿಲ್ಲ. ವಚನಗಳು ಬೂಸಾ ಅಲ್ಲ, ತತ್ವಪದಗಳು ಬೂಸಾ ಅಲ್ಲ. ಒರಟಾಗಿ ಆಡಿದ ವಿಮರ್ಶೆ ಅದು. ಆದರೆ ವಿಮರ್ಶೆಯೇ. ಸಾವಿರ ವರ್ಷದ ಸಾಹಿತ್ಯದಲ್ಲಿ ಹೊಲೆಯ, ಮಾದಿಗ, ಕೊರಗ ಎಲ್ಲಿದ್ದಾನೆ ಎಂಬ ಪ್ರಶ್ನೆ ಅದರೊಳಗಿತ್ತು. ಅದಕ್ಕೆ ಲೇಖನದಲ್ಲಿ ಉತ್ತರ ಕೊಡಬಹುದಿತ್ತು, ಕೊಟ್ಟವರೂ ಇದ್ದರು. ಕುವೆಂಪು ಅವರಂಥವರು ಮಂತ್ರಿಯ ಬೆನ್ನಿಗೆ ನಿಂತರು. ಬೀದಿಯಲ್ಲಿ ಆದದ್ದು ಬೇರೆ. ಮಾತಾಡಿದವರು ಮಂತ್ರಿ, ಅವರಿಗೆ ಪೊಲೀಸರ ಕಾವಲಿತ್ತು. ಏಟು ಬಿದ್ದದ್ದು ಹಾಸ್ಟೆಲಿನ ಹುಡುಗರಿಗೆ. ಭಾಷಣ ಮಾಡದವರು, ಕೆಲವರು ಕೇಳಿಯೂ ಇರದವರು ಮಂತ್ರಿಯ ಜಾತಿಯವರು ಎಂಬುದಕ್ಕೇ ಹೊಡೆಸಿಕೊಂಡರು. ಕಡೆಗೆ ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಇವತ್ತು ಕ್ಯಾನ್ಸಲ್ ಕಲ್ಚರ್ ಎಂದು ಮರುಗುವ ಯಾರೂ ಈ ಪ್ರಕರಣವನ್ನು ಆ ಪಟ್ಟಿಗೆ ಸೇರಿಸಿದ್ದನ್ನು ನಾನು ನೋಡಿಲ್ಲ.

ಹೊಡೆತ ತಿಂದ ಹುಡುಗರು ಸುಮ್ಮನಾಗಲಿಲ್ಲ ಎಂಬುದು ಮುಂದಿನ ಚರಿತ್ರೆ. ಬೂಸಾ ಗಲಾಟೆಯ ಕಾವಿನಲ್ಲೇ ದಲಿತ ಸಂಘರ್ಷ ಸಮಿತಿಗೆ ನೆಲ ಹದವಾಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. 1979ರಲ್ಲಿ ಧರ್ಮಸ್ಥಳದಲ್ಲಿ, ಅಂದರೆ ನಮ್ಮೂರಿನಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿಯಲ್ಲಿ, ಸಾಹಿತ್ಯ ಸಮ್ಮೇಳನ ನಡೆದಾಗ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೊಡಿ ಅಂತ ಕೇಳಿದರೆ ಪರಿಷತ್ತು ಕೊಡಲಿಲ್ಲ. ಇವರು ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನವನ್ನೇ ಮಾಡಿದರು. ವೇದಿಕೆ ಕಿತ್ತುಕೊಂಡಾಗೆಲ್ಲ ವೇದಿಕೆ ಕಟ್ಟಬೇಕಾಗಿ ಬಂದದ್ದನ್ನು ಬರೀ ಹೆಮ್ಮೆಯಿಂದ ಹೇಳಿಕೊಳ್ಳಲು ನನಗೆ ಆಗುವುದಿಲ್ಲ. ಎಷ್ಟು ಜನ ಕಟ್ಟಲಾಗದೆ ಊರಿಗೆ ವಾಪಸು ಹೋದರೋ!

ನಮ್ಮ ಜಿಲ್ಲೆಯಲ್ಲಿ ಕೊರಗರ ಡೋಲು ಎಲ್ಲರಿಗೂ ಬೇಕಿತ್ತು, ಬಾಯಿ ಯಾರಿಗೂ ಬೇಡವಾಗಿತ್ತು. ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬರಲು 2000ದವರೆಗೆ ಕಾಯಬೇಕಾಯಿತು. ಸದ್ದು ಮಾಡು, ಮಾತಾಡಬೇಡ ಎಂಬ ಈ ಕಟ್ಟಳೆ ವಿಶ್ವವಿದ್ಯಾಲಯದ ಗೇಟು ದಾಟಿ ಒಳಗೂ ಬಂದಿದೆ. 2015ರ ಅಕ್ಟೋಬರಿನಲ್ಲಿ ದಾವಣಗೆರೆ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿ ಹುಚ್ಚಂಗಿ ಪ್ರಸಾದ್ ಅವರನ್ನು, ನಿನ್ನ ತಾಯಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಿ ಹಾಸ್ಟೆಲಿನಿಂದ ಕರೆದೊಯ್ದು ಹೊಡೆದರು. ಮುಖಕ್ಕೆ ಕುಂಕುಮ ಬಳಿದರು, ಬರೆಯುವ ಬೆರಳು ಕತ್ತರಿಸುತ್ತೇವೆ ಅಂದರು. ತಪ್ಪು ಏನು? ಜಾತಿಯ ಬಗ್ಗೆ 'ಒಡಲ ಕಿಚ್ಚು' ಎಂಬ ಪುಸ್ತಕ ಬರೆದದ್ದು. ಅದೇ ವರ್ಷ ಆಗಸ್ಟಿನಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರನ್ನು ಕೊಂದಿದ್ದರು. ಮೇ ತಿಂಗಳಲ್ಲಿ ಮದ್ರಾಸಿನ ಐಐಟಿ ಅಂಬೇಡ್ಕರ್ ಪೆರಿಯಾರ್ ಸ್ಟಡಿ ಸರ್ಕಲ್ಲಿನ ಮಾನ್ಯತೆ ತೆಗೆದು, ಗಲಾಟೆಯಾದ ಮೇಲೆ ವಾಪಸು ಕೊಟ್ಟಿತ್ತು. 1973ರಿಂದ 2015ಕ್ಕೆ 42 ವರ್ಷ. ಹಾಸ್ಟೆಲಿನ ಬಾಗಿಲು ಮಾತ್ರ ಅದೇ.

ಇನ್ನು ನಮ್ಮ ಕಡೆಯ ತೊಡಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾಲೇಜೊಂದರ ಹುಡುಗರು ವೇದಿಕೆಯ ಮೇಲೆ ಅಂಬೇಡ್ಕರರನ್ನೂ ಮೀಸಲಾತಿಯನ್ನೂ ಹಂಗಿಸುವ ಪ್ರಹಸನ ಆಡಿದರು. ಕೇಸಾಯಿತು, ವಿದ್ಯಾರ್ಥಿಗಳ ಜೊತೆ ಪ್ರಿನ್ಸಿಪಾಲರೂ ಬಂಧನವಾದರು. ಮುಂದೆ ಹೈಕೋರ್ಟು ಆ ಕೇಸನ್ನು ರದ್ದು ಮಾಡಿತು. ಆಗ ನಮ್ಮ ಜೋಡುರಸ್ತೆಯ ಹುಡುಗರು ಮನವಿ ಬರೆದುಕೊಡಿ ಅಂತ ನನ್ನ ಹತ್ತಿರ ಬಂದರು. ಸಿಟ್ಟು ನನಗೂ ಇತ್ತು. ಬರೆದೆ. ಕಾಲೇಜು ಕ್ಷಮೆ ಕೇಳಲಿ, ಜಾತಿಯ ಚರಿತ್ರೆಯನ್ನು ಪಾಠಕ್ಕಿಡಲಿ, ಅದೇ ವೇದಿಕೆಯಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಉತ್ತರ ಕೊಡಲು ಬಿಡಲಿ. ಜೈಲಿಗೆ ಹಾಕಿ ಎಂಬ ಸಾಲನ್ನು ಬಿಟ್ಟೆ.

"ಅಣ್ಣ, ನೀವು ಅವರ ಪರವಾ ಮಾರಾಯ್ರೆ?" ಅಂದ ಒಬ್ಬ.

ನಾನು ಬಸವಲಿಂಗಪ್ಪನವರ ಕಥೆ ಹೇಳಿದೆ. ಮಾತಿಗೆ ಪೊಲೀಸರನ್ನು ಕರೆಯುವ ದಾರಿ ನಾವೇ ತೋರಿಸಿದರೆ, ನಾಳೆ ಆ ಜೀಪು ಮೊದಲು ಬರೋದು ನಮ್ಮ ಹಾಸ್ಟೆಲಿಗೆ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಣ್ಣ, ಅವರು ನಗಾಡಿದ್ದಕ್ಕೂ ಬಸವಲಿಂಗಪ್ಪ ಹೇಳಿದ್ದಕ್ಕೂ ಒಂದೇ ತಕ್ಕಡಿಯಾ?" ಅಂದ. ಅಲ್ಲ, ಒಂದೇ ಅಲ್ಲ. ಬಸವಲಿಂಗಪ್ಪನವರು ಮೇಲಿನವರನ್ನು ಪ್ರಶ್ನೆ ಕೇಳಿದರು, ಈ ಹುಡುಗರು ಕೆಳಗಿದ್ದವರನ್ನು ನೋಡಿ ನಕ್ಕರು. ಆದರೆ ಈ ವ್ಯತ್ಯಾಸ ಠಾಣೆಯ ಪುಸ್ತಕದಲ್ಲಿ ದಾಖಲಾಗುವುದಿಲ್ಲ ಎಂಬುದನ್ನು ಅವನಿಗೆ ಒಪ್ಪಿಸಲು ನನ್ನಿಂದ ಆಗಲಿಲ್ಲ.

ಬಿಟ್ಟ ಸಾಲನ್ನು ಅವರು ಪೆನ್ನಿನಲ್ಲಿ ಕೆಳಗೆ ಸೇರಿಸಿದರು. ಅದರ ಕೆಳಗೆ ನಾನೂ ಸಹಿ ಹಾಕಿದೆ. ಹಾಕಬಾರದಿತ್ತು ಅಂತ ಈಗಲೂ ಅನ್ನಿಸುತ್ತದೆ. ಹಾಕದಿದ್ದರೆ ಆ ಹುಡುಗರ ಮುಖ ಹೇಗೆ ನೋಡುತ್ತಿದ್ದೆನೋ, ಅದೂ ಗೊತ್ತಿಲ್ಲ.