ಮುಟ್ಟಿದರೆ ಔಟು

ಮೈಸೂರಿಂದ ನಂಜನಗೂಡು ರಸ್ತೆ ಹಿಡಿದು ಹೊರಟರೆ ಕಡಕೊಳ ಸಿಗುತ್ತದೆ. ರೈಲು ನಿಲ್ದಾಣ ಇದೆ, ಸುತ್ತ ಕಾರ್ಖಾನೆಗಳಿವೆ. ಪಾಳಿ ಮುಗಿಸಿಕೊಂಡು ಬಂದ ಹುಡುಗರು ಸಂಜೆ ಬಯಲಲ್ಲಿ ಗೆರೆ ಎಳೆದು ಕಬಡ್ಡಿ ಆಡ್ತಿದ್ದರು. ಪಕ್ಕದಲ್ಲಿ ಬೀಡಿ ಸೇದುತ್ತ ಕೂತಿದ್ದ ನಮ್ಮ ಕೇರಿಯ ಹಿರಿಯರೊಬ್ಬರು ಅಂದರು: "ನೋಡ್ ಮಗ, ಈ ಆಟದಲ್ಲಿ ಮುಟ್ಟುದ್ರೆ ಔಟು. ನಮ್ ಕಾಲದಲ್ಲಿ ನಾವು ಆಟ ಸುರುವಾಗಕ್ ಮುಂಚೇನೇ ಔಟು." ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಸಾಹಿತ್ಯದಲ್ಲಿ ಕ್ರೀಡೆ ಎಂದ ಕೂಡಲೇ ನಮ್ಮ ಪಂಡಿತರು ಕಾವ್ಯಗಳ ಜಲಕ್ರೀಡೆ, ವನಕ್ರೀಡೆ, ಬೇಟೆಯ ವರ್ಣನೆಗಳನ್ನು ತೆಗೆದಿಡುತ್ತಾರೆ. ಆ ಬೇಟೆಯಲ್ಲಿ ಪೊದೆ ಬಡಿದು ಮೃಗ ಎಬ್ಬಿಸಿದವನು ಯಾರು? ಸತ್ತ ಮೃಗ ಹೊತ್ತು ತಂದವನು ಯಾರು? ಇದನ್ನು ಯಾರೂ ಕೇಳಲಿಲ್ಲ. ನಾವು ಕೇಳಬೇಕಾಗಿದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ಅದರಲ್ಲಿ ದೊರೆಯ ವಿನೋದಗಳ ದೊಡ್ಡ ಪಟ್ಟಿಯೇ ಇದೆ. ಮಲ್ಲರ ಕಾಳಗ, ಕೋಳಿ ಕಾಳಗ, ಟಗರು ಕಾಳಗ, ಕೋಣನ ಕಾಳಗ ಎಲ್ಲ ಒಂದೇ ಸಾಲಿನಲ್ಲಿ. ಕಾದಾಡುವ ಮನುಷ್ಯನೂ ಕಾದಾಡುವ ಕೋಳಿಯೂ ಸಿಂಹಾಸನದಿಂದ ನೋಡಿದವನಿಗೆ ಒಂದೇ. ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಆ ಮುಟ್ಟುವಿಕೆ ಮಾತ್ರ ಅರಮನೆಗೆ ವಿನೋದ ಅನ್ನಿಸಲಿಲ್ಲ. ಹರಳಯ್ಯ, ಮಧುವರಸರಿಗೆ ಸಿಕ್ಕಿದ್ದು ಮರಣದಂಡನೆ.

ಮದ್ದೂರು ಸೀಮೆಯ ಆತಕೂರಿನ ಕಲ್ಲು ನೋಡಿ. ಕ್ರಿ.ಶ. 949-50ರ ಕಾಲದ್ದು. ಗಂಗರ ಬೂತುಗ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಏನು ಬೇಕು ಕೇಳು ಅಂದ. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗೆ ವೀರಗಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಬರುತ್ತದೆಂದು ಪೂಜೆಯ ಗೊರವನಿಗೆ ಕಟ್ಟುಮಾಡಿದರು. ನನಗೆ ಆ ನಾಯಿಯ ಮೇಲೆ ಸಿಟ್ಟಿಲ್ಲ, ಅದು ತನ್ನ ಕೆಲಸ ಮಾಡಿತು. ಆದರೆ ಒಂದು ನಾಯಿಯ ಹೆಸರು ಸಾವಿರ ವರ್ಷ ಉಳಿಸಿದ ಈ ನಾಡು, ಆ ಬೇಟೆಗೆ ಬೆವರು ಸುರಿಸಿದ ಒಬ್ಬ ಆಳಿನ ಹೆಸರನ್ನೂ ಕಲ್ಲಿಗೆ ಕೊಡಲಿಲ್ಲ.

ಇನ್ನು ಕಾವ್ಯಕ್ಕೆ ಬನ್ನಿ. ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ ಶಸ್ತ್ರ ಪ್ರದರ್ಶನದ ಕಣಕ್ಕೆ ಕರ್ಣ ಇಳಿಯುತ್ತಾನೆ. ಬಾಣ ಗುರಿ ತಪ್ಪಿತಾ ಎಂದು ಯಾರೂ ಕೇಳಲಿಲ್ಲ, ಕುಲ ಯಾವುದು ಎಂದು ಕೇಳಿದರು. ಗುರಿ ತಪ್ಪದ ಏಕಲವ್ಯನದು ಇನ್ನೊಂದು ಕತೆ. ಅವನ ಹೆಬ್ಬೆರಳನ್ನೇ ಕಿತ್ತುಕೊಂಡರು. ಆ ಬೆರಳಿನ ಲೆಕ್ಕವನ್ನು ಕುವೆಂಪು 'ಬೆರಳ್‌ಗೆ ಕೊರಳ್' ನಾಟಕದಲ್ಲಿ ಕೇಳಿದರು. ಕೇಳುವುದಕ್ಕೆ ಎಷ್ಟು ಶತಮಾನ ಬೇಕಾಯಿತು ನೋಡಿ.

ಮೈಸೂರಿನ ದಸರಾ ಬೇರೆಯೇನಲ್ಲ. ಸುಮಾರು 1520ರಲ್ಲಿ ವಿಜಯನಗರದ ಮಹಾನವಮಿ ಕಂಡ ಪೋರ್ಚುಗೀಸ್ ಪಯಣಿಗ ಪಾಯಸ್, ಮಲ್ಲರ ಹೊಡೆತಕ್ಕೆ ಹಲ್ಲು ಮುರಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆ ಹಬ್ಬವನ್ನು ಮುಂದುವರಿಸಿದರು. ಇವತ್ತಿಗೂ ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡು, ಕೈಗೆ ಮುಷ್ಟಿ ಕಟ್ಟಿ ಹೊಡೆದಾಡುತ್ತಾರೆ. ರಕ್ತ ಚಿಮ್ಮಿತೋ ಕಾಳಗ ಮುಗಿಯಿತು. ದೊರೆಯ ಹಬ್ಬ ಪೂರ್ತಿಯಾಗಲು ಬಡವನ ನೆತ್ತಿಯ ರಕ್ತ ಬೇಕು.

ಹಳ್ಳಿ ಕುಸ್ತಿಯ ಮಾತು ಎತ್ತಿದಾಗ ಅದೇ ಹಿರಿಯರು ಅಂದರು: "ಮಟ್ಟಿಗೆ ಮಣ್ಣು ಹೊರಕೆ ನಾವ್ ಬೇಕು, ತಮಟೆ ಬಡಿಯಕೆ ನಾವ್ ಬೇಕು. ಮಟ್ಟಿಗೆ ಇಳಿತೀನಿ ಅಂದ್ರೆ, ನಿನ್ ಮೈ ಮುಟ್ಟಿ ಪಟ್ಟು ಹಾಕೋರ್ ಯಾರ್ಲಾ ಅನ್ನೋರು." ಇದೊಂದು ಊರಿನ ಮಾತಲ್ಲ. ಕುಸ್ತಿಯಾಗಲಿ ಕಬಡ್ಡಿಯಾಗಲಿ, ಮೈಗೆ ಮೈ ತಾಗದೆ ಆಟವಿಲ್ಲ. ಅಸ್ಪೃಶ್ಯತೆ ಇರುವ ಊರಲ್ಲಿ ಆಟ ಅನ್ನೋದೇ ಸುಳ್ಳು.

ಹಾಗಾದರೆ ಮೈ ಮುಟ್ಟದ ಆಟ ಕ್ರಿಕೆಟ್ಟಿನಲ್ಲಿ ಏನಾಯಿತು? ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಚಮ್ಮಾರ ಜಾತಿಯವರು. ಪುಣೆಯಲ್ಲಿ ತಿಂಗಳಿಗೆ ಮೂರು ನಾಲ್ಕು ರೂಪಾಯಿಗೆ ಪಿಚ್ಚು ಗುಡಿಸಿ, ಉರುಳುಗಲ್ಲು ಎಳೆದು, ಬಿಳಿಯ ಸಾಹೇಬರಿಗೆ ಚೆಂಡೆಸೆಯುತ್ತ ಬೌಲಿಂಗ್ ಕಲಿತರು. ಹಿಂದೂ ತಂಡಕ್ಕೆ ಗೆಲ್ಲಲು ಅವರು ಬೇಕಾದರು. ಮೈದಾನದಲ್ಲಿ ಅವರ ಕೈಯ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಅವರಿಗೆ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಚಹಾ. ಆ ಚೆಂಡೂ ಚರ್ಮದ್ದೇ. ಚರ್ಮ ಮುಟ್ಟಬಹುದು, ಚರ್ಮ ಹದ ಮಾಡಿದ ಕೈ ಮುಟ್ಟಬಾರದು!

1906ರಲ್ಲಿ ಯುರೋಪಿಯನ್ ತಂಡವನ್ನು ಹಿಂದೂಗಳು ಸೋಲಿಸಿದ್ದು ಬಾಲೂ ಬೌಲಿಂಗಿನಿಂದ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು 114 ವಿಕೆಟ್ ತೆಗೆದರು. ನಾಯಕತ್ವ ಮಾತ್ರ ಮೇಲ್ಜಾತಿಗೆ. 1920ರಲ್ಲಿ ತಮ್ಮಂದಿರಾದ ವಿಠ್ಠಲ್, ಶಿವರಾಮ್ ಇದನ್ನು ಪ್ರತಿಭಟಿಸಿ ತಂಡದಿಂದ ಹೊರಬಂದರು. 1923ರಲ್ಲಿ ವಿಠ್ಠಲ್ ನಾಯಕರಾದರು. ಬೇಡಿ ಪಡೆದದ್ದಲ್ಲ, ಜಗಳವಾಡಿ ಪಡೆದದ್ದು.

ಬಾಲೂ ಚರಿತ್ರೆಯ ಇನ್ನೊಂದು ಪುಟವನ್ನೂ ನಾವು ಮುಚ್ಚಿಡಬಾರದು. 1937ರ ಮುಂಬೈ ಚುನಾವಣೆಯಲ್ಲಿ ಬಾಬಾಸಾಹೇಬರ ಎದುರಿಗೆ ಕಾಂಗ್ರೆಸ್ ನಿಲ್ಲಿಸಿದ್ದು ಇದೇ ಬಾಲೂ ಅವರನ್ನು. ಸುಮಾರು ಎರಡು ಸಾವಿರ ಮತಗಳಿಂದ ಬಾಬಾಸಾಹೇಬರು ಗೆದ್ದರು. ನಮ್ಮವರ ಎದುರಿಗೆ ನಮ್ಮವರನ್ನೇ ಕಣಕ್ಕೆ ಬಿಡುವುದು ಹಳೆಯ ವಿನೋದ, ಮಾನಸೋಲ್ಲಾಸದ ಕಾಲದ್ದು. 1955ರಲ್ಲಿ ಬಾಲೂ ತೀರಿಕೊಂಡರು. ಅವರ ಕತೆ ಬಹುಕಾಲ ಮರೆಯಲ್ಲೇ ಉಳಿಯಿತು. ರಾಮಚಂದ್ರ ಗುಹಾ 2002ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ವಿವರವಾಗಿ ಬರೆದರು. ಹುಟ್ಟಿದ ಕನ್ನಡನಾಡಲ್ಲಿ ಎಷ್ಟು ಮಕ್ಕಳಿಗೆ ಆ ಹೆಸರು ಗೊತ್ತು?

ಕಡಕೊಳದ ಬಯಲಲ್ಲಿ ಕತ್ತಲಾಯಿತು. ಹುಡುಗರು ಒಬ್ಬರ ಕಾಲು ಒಬ್ಬರು ಹಿಡಿದು, ಮಣ್ಣಲ್ಲಿ ಹೊರಳಿ, ಎದ್ದರು. ಯಾವ ಮೈ ಯಾವ ಕೇರಿಯದು ಅಂತ ಆ ಮಣ್ಣಿನ ಬಣ್ಣದಲ್ಲಿ ಗೊತ್ತಾಗುತ್ತಿರಲಿಲ್ಲ. ಆಟ ಮುಗಿದ ಮೇಲೆ ಅವರು ಒಂದೇ ಮನೆಯ ಜಗಲಿಯಲ್ಲಿ ಕೂತು ಒಂದೇ ಚೊಂಬಿನ ನೀರು ಕುಡಿಯುತ್ತಾರಾ? ಆಟಕ್ಕಿಂತ ದೊಡ್ಡ ಪ್ರಶ್ನೆ ಅದು. ಅಲ್ಲೀವರೆಗೆ ನಮ್ಮ ಕೇರಿಯ ಆಟದ ಚರಿತ್ರೆಯನ್ನು ನಾವೇ ಬರೆಯಬೇಕು. ಗೆಳೆಯರೇ, ನಿಮ್ಮ ನಿಮ್ಮ ಹಿರಿಯರನ್ನು ಕೇಳಿ. ಮಟ್ಟಿಗೆ ಮಣ್ಣು ಹೊತ್ತವರ ಹೆಸರು ಬರೆದಿಡಿ. ನಾಯಿಯ ಹೆಸರು ಕಲ್ಲಿನಲ್ಲಿದೆ, ಇವರ ಹೆಸರು ಕಾಗದದಲ್ಲಾದರೂ ಇರಲಿ.