ಮುಗಿಯದ ಊಟ: ಆ್ಯನ್ ಟೈಲರ್ ಕಾದಂಬರಿಯ ತಾಯಿ ಮತ್ತು ಮಕ್ಕಳು

ಬಾಲ್ಟಿಮೋರ್‌ನ ಟಲ್ ಕುಟುಂಬದವರು ಒಟ್ಟಿಗೆ ಕೂತು ಊಟ ಮುಗಿಸಿದ್ದೇ ಇಲ್ಲ. ಮಗ ಎಜ್ರಾ ತನ್ನ ಹೋಟೆಲಿಗೆ ಎಲ್ಲರನ್ನೂ ಕರೆಯುತ್ತಾನೆ. ನಡುವೆಯೇ ಯಾರೋ ಒಬ್ಬರು ಮುನಿಸಿಕೊಂಡು ಎದ್ದುಹೋಗುತ್ತಾರೆ. ಆ್ಯನ್ ಟೈಲರ್ ಅವರ ‘ಡಿನ್ನರ್ ಅಟ್ ದ ಹೋಮ್‌ಸಿಕ್ ರೆಸ್ಟೊರೆಂಟ್’ (1982) ಕಾದಂಬರಿಯಲ್ಲಿ ಇದು ಮರುಕಳಿಸುವ ದೃಶ್ಯ. ತಾಯಿಯ ಕಾಠಿಣ್ಯ ಮಕ್ಕಳಲ್ಲಿ ಏನಾಗಿ ಉಳಿಯಿತು ಎಂಬುದಕ್ಕೆ ಸಾಕ್ಷ್ಯ ಬೇಕಿದ್ದರೆ ಊಟದ ಮೇಜನ್ನೇ ನೋಡಬೇಕು ಎಂಬುದು ಈ ಲೇಖನದ ವಾದ.

1944ರ ಒಂದು ಭಾನುವಾರ ರಾತ್ರಿ ಸೇಲ್ಸ್‌ಮನ್ ಬೆಕ್ ಟಲ್ ಹೆಂಡತಿ ಪರ್ಲ್‌ಳನ್ನು ತೊರೆಯುತ್ತಾನೆ. ಪರ್ಲ್ ಈ ಸಂಗತಿಯನ್ನು ಮಕ್ಕಳಾದ ಕೋಡಿ, ಎಜ್ರಾ, ಜೆನ್ನಿಗೆ ಹೇಳುವುದೇ ಇಲ್ಲ. ದಿನಸಿ ಅಂಗಡಿಯಲ್ಲಿ ಕ್ಯಾಶಿಯರ್ ಆಗುತ್ತಾಳೆ, ಅಪ್ಪ ಕೆಲಸದ ಮೇಲೆ ಊರೂರು ಸುತ್ತುತ್ತಿದ್ದಾನೆ ಎಂಬ ನಟನೆ ಮುಂದುವರಿಸುತ್ತಾಳೆ. ಮಕ್ಕಳೂ ಕೇಳುವುದಿಲ್ಲ.

ಪರ್ಲ್ ಒಳಗೆ ಅದುಮಿಟ್ಟದ್ದು ಒಂದು ಸಂಜೆ ಸಿಡಿಯುತ್ತದೆ. ಚಮಚ ಕೋಡಿಯ ಮುಖಕ್ಕೆ ಬಡಿಯುತ್ತದೆ, ಜೆನ್ನಿಯ ಜಡೆ ತಾಯಿಯ ಕೈಗೆ ಸಿಗುತ್ತದೆ, ಪಲ್ಯದ ಬಟ್ಟಲು ಎಜ್ರಾನ ತಲೆಯ ಮೇಲೆ ಬೀಳುತ್ತದೆ. ಬಟ್ಟಲು ಒಡೆಯುವುದಿಲ್ಲ, ಬಟಾಣಿ ಮಾತ್ರ ಎಲ್ಲೆಡೆ ಚೆಲ್ಲಾಡುತ್ತದೆ. ವರ್ಷಗಳ ನಂತರ, ವೈದ್ಯಕೀಯ ತರಬೇತಿಯ ದಣಿವಿನಲ್ಲಿ ಒಬ್ಬಳೇ ಮಗಳನ್ನು ಸಾಕುತ್ತಿದ್ದ ಜೆನ್ನಿ, ಪುಟ್ಟ ಬೆಕಿಯ ಮುಖವನ್ನು ಮೊಲದ ಚಿತ್ರವಿದ್ದ ಊಟದ ತಟ್ಟೆಗೆ ಅಪ್ಪಳಿಸುತ್ತಾಳೆ. ಮಗುವಿನ ಮೂಗಿನಿಂದ ರಕ್ತ. ಬಟ್ಟಲಿಂದ ತಟ್ಟೆಗೆ ಬಂದ ಈ ಬಳುವಳಿಯನ್ನು ತೋರಿಸಿ ಕಾದಂಬರಿ ಅಲ್ಲಿಗೇ ನಿಂತಿದ್ದರೆ ಅದು ಮನೋವಿಜ್ಞಾನದ ಪಾಠವಾಗಿಬಿಡುತ್ತಿತ್ತು. ಆದರೆ ಕುಸಿದುಬಿದ್ದ ಜೆನ್ನಿಯ ಆರೈಕೆಗೆ ರೈಲು ಹತ್ತಿ ಬರುವವಳು ಪರ್ಲ್! ಮೊಮ್ಮಗಳಿಗೆ ತಾಳ್ಮೆಯಿಂದ ಕಥೆ ಓದಿ ಹೇಳುತ್ತಾಳೆ. ಹೊಡೆದದ್ದೂ ಅದೇ ಕೈ.

ಟೈಲರ್ ಅಧ್ಯಾಯದಿಂದ ಅಧ್ಯಾಯಕ್ಕೆ ದೃಷ್ಟಿಕೋನ ಬದಲಿಸುವುದು ತಾಯಿಯ ಈ ಎರಡೂ ಮುಖಗಳನ್ನು ಕಾಣಿಸಲೆಂದೇ. ಬಿಲ್ಲುಬಾಣದ ಆಟದಲ್ಲಿ, ಅಣ್ಣತಮ್ಮಂದಿರ ಕಿತ್ತಾಟದ ನಡುವೆ, ಬಾಣ ತಾಯಿಗೆ ತಗುಲಿದ ಪ್ರಸಂಗವನ್ನು ಪರ್ಲ್ ನೆನೆಯುವ ಬಗೆ ಬೇರೆ, ಕೋಡಿ ನೆನೆಯುವ ಬಗೆ ಬೇರೆ. ತಮ್ಮ ಎಜ್ರಾನೇ ತಾಯಿಯ ಮುದ್ದಿನ ಮಗ ಎಂಬ ಕೊರಗನ್ನು ಕೋಡಿ ಎಂದೂ ಬಿಡಲಿಲ್ಲ. ಎಜ್ರಾ ಮದುವೆಯಾಗಲಿದ್ದ ರೂತ್‌ಳನ್ನು ತಾನೇ ಮದುವೆಯಾದ. ಕೋಡಿಯ ಹೊಟ್ಟೆಕಿಚ್ಚು ನಂಬುವಂತಿದೆ. ಎಜ್ರಾನ ಸಹನೆ ಮಾತ್ರ ಕೆಲವೆಡೆ ಅತಿಯಾಯಿತು ಅನ್ನಿಸದೆ ಇರದು.

ಮುಪ್ಪಿನಲ್ಲಿ ಕಣ್ಣು ಕಳೆದುಕೊಂಡ ಪರ್ಲ್ ತನ್ನ ಹಳೆಯ ದಿನಚರಿಗಳನ್ನು ಎಜ್ರಾನಿಂದ ಓದಿಸುತ್ತಾಳೆ. ಅವಳು ಹುಡುಕುತ್ತಿದ್ದದ್ದು ಕ್ಷಮೆಯನ್ನಲ್ಲ: ಕಳೆ ಕೀಳುತ್ತಿದ್ದ ಒಂದು ಬೆಳಗು, ನೆರೆಮನೆಯ ಪಿಯಾನೊ, ನೊಣದ ಗುಂಯ್‌ಗುಡುವಿಕೆ. ಅದು ಸಿಕ್ಕ ಮೇಲೆ ಓದು ಸಾಕೆನ್ನುತ್ತಾಳೆ.

ಅವಳ ಅಂತ್ಯಕ್ರಿಯೆಗೆ ಬೆಕ್ ಬರುತ್ತಾನೆ, ನಂತರ ಎಜ್ರಾನ ಹೋಟೆಲಿನ ಊಟದ ನಡುವೆಯೇ ಮತ್ತೆ ಎದ್ದುಹೋಗುತ್ತಾನೆ. ಅವನನ್ನು ಹುಡುಕಿ ಮೇಜಿನತ್ತ ಕರೆತರುವವನು ಕೋಡಿ. ಊಟ ಮುಗಿಯಿತೇ ಎಂಬುದನ್ನು ಟೈಲರ್ ಬರೆದಿಲ್ಲ.